ನಿರಾಶ್ರಿತರ ಚಿಕಿತ್ಸೆಯ ಹುಡುಕಾಟ: ಕರ್ನಾಟಕದ ಟಿಬೆಟನ್ ವಸತಿಗಳ ಹಿನ್ನೆಲೆಯಲ್ಲಿ

ಕಾಯಿಲೆ ಬಿದ್ದ ಮನುಷ್ಯ ಮೊದಲು ಯಾರ ಬಳಿಗೆ ಹೋಗುತ್ತಾನೆ, ಅಲ್ಲಿ ಗುಣ ಕಾಣದಿದ್ದರೆ ಮುಂದೆ ಯಾವ ಬಾಗಿಲನ್ನು ತಟ್ಟುತ್ತಾನೆ ಎಂಬುದು ಕೇವಲ ವೈದ್ಯಶಾಸ್ತ್ರಕ್ಕೆ ಸೇರಿದ ಪ್ರಶ್ನೆಯಲ್ಲ. ಆ ಆಯ್ಕೆಯ ಹಿಂದೆ ನಂಬಿಕೆ, ನಂಟು, ಹಣ, ದೂರ ಹಾಗೂ ಭಾಷೆಗಳು ಒಟ್ಟಾಗಿ ಕೆಲಸ ಮಾಡುತ್ತವೆ. ಒಂದು ಕಡೆ ನೆಲೆ ನಿಂತ ಸಮುದಾಯದಲ್ಲಿ ಈ ದಾರಿ ತಲೆಮಾರುಗಳಿಂದ ಸವೆದು ಸಿದ್ಧವಾಗಿರುತ್ತದೆ. ಮನೆಮದ್ದು, ನಾಟಿ ವೈದ್ಯ, ದೇವರಿಗೆ ಹರಕೆ, ಪೇಟೆಯ ಡಾಕ್ಟರು ಎಂಬ ಕ್ರಮ ಅಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಕೆಲವೊಮ್ಮೆ ಈ ನಾಲ್ಕೂ ಒಟ್ಟಿಗೆ ನಡೆಯುತ್ತವೆ. ನೆಲವನ್ನು ಬಿಟ್ಟು ಬಂದವರ ವಿಷಯದಲ್ಲಿ ಈ ದಾರಿಯೇ ಕಡಿದುಹೋಗಿರುತ್ತದೆ. ಅವರು ಹೊಸ ನೆಲದಲ್ಲಿ ಮನೆಯನ್ನು ಕಟ್ಟಿಕೊಳ್ಳುವಂತೆ ಚಿಕಿತ್ಸೆಯ ದಾರಿಯನ್ನೂ ಮರಳಿ ಕಟ್ಟಿಕೊಳ್ಳಬೇಕಾಗುತ್ತದೆ.

ಕರ್ನಾಟಕದ ಟಿಬೆಟನ್ ವಸತಿಗಳು ಈ ಪ್ರಕ್ರಿಯೆಯನ್ನು ಪರಿಶೀಲಿಸಲು ಹತ್ತಿರದ ನಿದರ್ಶನಗಳಾಗಿವೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ, ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ, ಹುಣಸೂರು ತಾಲ್ಲೂಕಿನ ಗುರುಪುರ, ಕೊಳ್ಳೇಗಾಲ ಸೀಮೆಯ ಒಡೆಯರಪಾಳ್ಯ ಇವುಗಳ ಬಗೆಗೆ ಇತಿಹಾಸ, ಧರ್ಮ ಹಾಗೂ ರಾಜಕಾರಣದ ನೆಲೆಗಳಿಂದ ಬರವಣಿಗೆಗಳು ಬಂದಿವೆ. ಆದರೆ ಪುನರ್ವಸತಿಗೆ ಮೊದಲು ಮತ್ತು ಅನಂತರ ಈ ಜನ ತಮ್ಮ ಕಾಯಿಲೆಗಳಿಗೆ ಚಿಕಿತ್ಸೆಯನ್ನು ಹೇಗೆ ಅರಸಿಕೊಂಡರು ಎಂಬ ಪ್ರಶ್ನೆ ಕನ್ನಡದ ಅಧ್ಯಯನಗಳಲ್ಲಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಆಸ್ಪತ್ರೆಯ ಇರುವಿಕೆ ಮತ್ತು ಚಿಕಿತ್ಸೆಯ ದೊರೆಯುವಿಕೆ ಒಂದೇ ಅಲ್ಲ. ಇವೆರಡರ ನಡುವೆ ಭಾಷೆಯ ಹಾಗೂ ನೆಲೆಯ ಸ್ಥಿರತೆಯ ಪ್ರಶ್ನೆಗಳಿವೆ ಎಂಬುದನ್ನು ಪ್ರಸ್ತುತ ಲೇಖನ ವಿವರಿಸಲು ಯತ್ನಿಸುತ್ತದೆ.

1. ತುಮಕೂರಿನ ಪಾಠ

ಈ ಚರ್ಚೆಗೆ ಕರ್ನಾಟಕದ್ದೇ ಆದ ಒಂದು ಪೂರ್ವಪೀಠಿಕೆಯಿದೆ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಅದೇ ವರ್ಷ ಟಿಬೆಟನ್ನರು ಹಿಮಾಲಯವನ್ನು ದಾಟಿ ಭಾರತಕ್ಕೆ ಬಂದರು. ಈ ಸಂಸ್ಥೆಯಲ್ಲಿದ್ದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ತುಮಕೂರು ಜಿಲ್ಲೆಯ ಕ್ಷಯರೋಗಿಗಳನ್ನು ಕುರಿತು ನಡೆಸಿದ ಸಮಾಜಶಾಸ್ತ್ರೀಯ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಹಳ್ಳಿಯ ಜನ ಅಜ್ಞಾನದಿಂದ ಆಸ್ಪತ್ರೆಗೆ ಬರುವುದಿಲ್ಲ ಎಂಬ ಅಂದಿನ ಸಾಮಾನ್ಯ ಗ್ರಹಿಕೆಯನ್ನು ಈ ಅಧ್ಯಯನ ತಲೆಕೆಳಗು ಮಾಡಿತು. ರೋಗಿಗಳಲ್ಲಿ ಬಹುಪಾಲು ಜನರಿಗೆ ತಮ್ಮ ಕೆಮ್ಮಿನ ಬಗೆಗೆ ಅರಿವೂ ಆತಂಕವೂ ಇದ್ದವು. ಅರ್ಧಕ್ಕಿಂತ ಹೆಚ್ಚು ಮಂದಿ ಅದಾಗಲೇ ಆಧುನಿಕ ವೈದ್ಯರ ಬಳಿಗೆ ಹೋಗಿ ಬಂದಿದ್ದರು. ಆದರೆ ಅವರಿಗೆ ಅಲ್ಲಿ ಸಿಕ್ಕಿದ್ದು ರೋಗದ ಪತ್ತೆಯಲ್ಲ, ಕೆಮ್ಮಿನ ಔಷಧದ ಒಂದು ಬಾಟಲಿ.

ಈ ಅಧ್ಯಯನದ ಮಹತ್ವವಿರುವುದು ಪ್ರಶ್ನೆಯ ದಿಕ್ಕನ್ನೇ ಅದು ಬದಲಿಸಿದುದರಲ್ಲಿ. ರೋಗಿ ಯಾಕೆ ಬರಲಿಲ್ಲ ಎಂಬ ಪ್ರಶ್ನೆಯ ಜಾಗದಲ್ಲಿ, ಬಂದ ರೋಗಿಯ ಮಾತನ್ನು ವ್ಯವಸ್ಥೆ ಯಾಕೆ ಕೇಳಿಸಿಕೊಳ್ಳಲಿಲ್ಲ ಎಂಬ ಪ್ರಶ್ನೆಯನ್ನು ಅದು ಮುಂದಿಟ್ಟಿತು. ತಮ್ಮ ಊರಿನಲ್ಲಿ, ತಮ್ಮದೇ ಭಾಷೆಯಲ್ಲಿ ಕಾಯಿಲೆಯನ್ನು ಹೇಳಿಕೊಂಡ ತುಮಕೂರಿನ ರೈತರ ಪಾಡೇ ಹೀಗಿದ್ದ ಮೇಲೆ, ಊರೂ ಭಾಷೆಯೂ ಬೇರೆಯಾದ ನಿರಾಶ್ರಿತರ ಸ್ಥಿತಿಯನ್ನು ಇದೇ ಪ್ರಶ್ನೆಯ ಬೆಳಕಿನಲ್ಲಿ ನೋಡುವುದು ಅಗತ್ಯವಾಗುತ್ತದೆ.

2. ಪುನರ್ವಸತಿಗೆ ಮುನ್ನ

ಟಿಬೆಟನ್ನರು ಬರಿಗೈಯಲ್ಲಿ ಬಂದವರಾದರೂ ವೈದ್ಯಪರಂಪರೆಯಿಲ್ಲದೆ ಬಂದವರಲ್ಲ. ಸೋವಾ ರಿಗ್ಪಾ ಎಂದು ಹೆಸರಾದ ಅವರ ವೈದ್ಯಪದ್ಧತಿಗೆ ಶತಮಾನಗಳ ಗ್ರಂಥಪರಂಪರೆಯಿದೆ. ಅದರ ಮೂಲಗ್ರಂಥ 'ಗ್ಯುಶಿ', ಅಂದರೆ ನಾಲ್ಕು ತಂತ್ರಗಳು. ಅದರಲ್ಲಿ 156 ಅಧ್ಯಾಯಗಳಿವೆ. ವಾಗ್ಭಟನ 'ಅಷ್ಟಾಂಗಹೃದಯ' 11ನೆಯ ಶತಮಾನದಲ್ಲಿಯೇ ಟಿಬೆಟನ್ ಭಾಷೆಗೆ ಅನುವಾದಗೊಂಡಿತ್ತು. ಲ್ಹಾಸಾದಲ್ಲಿ 1696ರಲ್ಲಿ ಚಗ್ಪೊರಿ ವೈದ್ಯವಿದ್ಯಾಲಯವೂ 1916ರಲ್ಲಿ ಮೆನ್-ಝೀ-ಖಾಂಗ್ ಎಂಬ ವೈದ್ಯ ಹಾಗೂ ಜ್ಯೋತಿಷ ಸಂಸ್ಥೆಯೂ ಸ್ಥಾಪನೆಯಾಗಿದ್ದವು. ನಾಡಿಯನ್ನೂ ಮೂತ್ರವನ್ನೂ ಪರೀಕ್ಷಿಸಿ ಮದ್ದು ಕೊಡುವ ಅಮ್ಚಿ, ಕಾಯಿಲೆಯ ಕಾರಣವನ್ನು ಶಕುನದಿಂದ ತಿಳಿದು ಹೇಳುವ ಲಾಮಾ, ಮನೆಯವರು ಮಾಡಿಸುವ ಪೂಜೆ ಇವೆಲ್ಲ ಕೂಡಿ ಅಲ್ಲಿಯ ಚಿಕಿತ್ಸೆಯ ದಾರಿ ರೂಪುಗೊಂಡಿತ್ತು.

1959ರ ಮಾರ್ಚ್ ತಿಂಗಳ ಲ್ಹಾಸಾ ದಂಗೆಯ ಅನಂತರ ದಲೈ ಲಾಮಾ ಅವರು ಭಾರತದ ಆಶ್ರಯ ಪಡೆದರು. ಅವರ ಹಿಂದೆ ಸುಮಾರು 80,000 ಜನ ಗಡಿ ದಾಟಿದರು. ಹೀಗೆ ಬಂದವರನ್ನು ಅಸ್ಸಾಮಿನ ಮಿಸ್ಸಾಮಾರಿ ಹಾಗೂ ಪಶ್ಚಿಮ ಬಂಗಾಳದ ಬಕ್ಸಾ ದುವಾರ್‌ಗಳ ಶಿಬಿರಗಳಲ್ಲಿ ಇರಿಸಲಾಯಿತು. ಲ್ಹಾಸಾ ಇರುವುದು ಸಮುದ್ರಮಟ್ಟದಿಂದ ಸುಮಾರು 3,600 ಮೀಟರ್ ಎತ್ತರದಲ್ಲಿ. ಆ ತಣ್ಣನೆಯ ಒಣಹವೆಗೆ ಒಗ್ಗಿದ್ದ ದೇಹಗಳು ಒಮ್ಮೆಲೇ ಅಸ್ಸಾಮಿನ ಸೆಕೆಯ, ಮಳೆಯ ಬಯಲಿಗೆ ಬಂದುವು. ಬಿದಿರಿನ ಗುಡಿಸಲುಗಳ ಇಕ್ಕಟ್ಟಿನಲ್ಲಿ ಭೇದಿ, ಜ್ವರ, ಕ್ಷಯಗಳು ಹರಡಿದವು. ಬಕ್ಸಾದಲ್ಲಿದ್ದುದು ಬ್ರಿಟಿಷರ ಕಾಲದ ಸೆರೆಮನೆ. ಸೆರಾ, ಡ್ರೆಪುಂಗ್ ಮತ್ತು ಗಾಂಡೆನ್ ವಿಹಾರಗಳಿಂದ ಬಂದ ಸುಮಾರು 1,500 ಭಿಕ್ಷುಗಳು ಅಲ್ಲಿ ಅಧ್ಯಯನವನ್ನು ಮುಂದುವರಿಸಿದರು. ಅವರಲ್ಲಿ ಅನೇಕರು ಕ್ಷಯಕ್ಕೆ ಬಲಿಯಾದರು. ಉಳಿದವರು ಕರ್ನಾಟಕಕ್ಕೆ ಬರಲು ಒಂದು ದಶಕವೇ ಹಿಡಿಯಿತು.

ಶಿಬಿರಗಳಿಂದ ಹೊರಬಂದ ಸಾವಿರಾರು ಮಂದಿ ಹಿಮಾಲಯದ ತಪ್ಪಲಿನಲ್ಲಿ ರಸ್ತೆ ಕೆಲಸದ ಕೂಲಿಗಳಾದರು. ಕೆಲಸ ಮುಂದೆ ಸಾಗಿದಂತೆ ಡೇರೆಗಳೂ ಮುಂದೆ ಸಾಗಬೇಕಾಗಿತ್ತು. ಹೀಗೆ ದಿನವೂ ಸರಿಯುವ ನೆಲೆಯಲ್ಲಿ ಒಬ್ಬ ವೈದ್ಯನನ್ನು ಎರಡನೆಯ ಸಲ ಕಾಣುವುದೂ ದುಸ್ತರ. ಈ ಬದುಕಿನ ಪರಿಣಾಮ ಮೊದಲು ತೋರಿದ್ದು ಮಕ್ಕಳ ಮೇಲೆ. 1960ರ ಮೇ 17ರಂದು ಜಮ್ಮುವಿನ ರಸ್ತೆ ಶಿಬಿರಗಳಿಂದ 51 ಮಕ್ಕಳು ಧರ್ಮಶಾಲೆಗೆ ಬಂದಾಗ ಅವರು ಕಾಯಿಲೆಯಿಂದಲೂ ಅಪೌಷ್ಟಿಕತೆಯಿಂದಲೂ ನರಳುತ್ತಿದ್ದರು. ದಲೈ ಲಾಮಾ ಅವರ ಅಕ್ಕ ತ್ಸೆರಿಂಗ್ ಡೊಲ್ಮಾ ಅವರು ಆ ಮಕ್ಕಳ ಹೊಣೆ ಹೊತ್ತರು. ಮುಂದೆ ಟಿಬೆಟನ್ ಮಕ್ಕಳ ಗ್ರಾಮವಾಗಿ ಬೆಳೆದ ಸಂಸ್ಥೆಯ ಆರಂಭ ಇದೇ.

ಈ ಹಂತದ ಒಂದು ಲಕ್ಷಣವನ್ನು ಇಲ್ಲಿ ಗುರುತಿಸಬೇಕು. ಶಿಬಿರದಲ್ಲಿ ರೋಗಿಗೆ ಆಯ್ಕೆಯಿರಲಿಲ್ಲ. ಸರ್ಕಾರದ ಅಥವಾ ಪರಿಹಾರ ಸಂಸ್ಥೆಗಳ ವೈದ್ಯರು ಬಂದರೆ ಚಿಕಿತ್ಸೆ, ಬಾರದಿದ್ದರೆ ಇಲ್ಲ. ಅಂದರೆ ಇಲ್ಲಿ ಚಿಕಿತ್ಸೆ ಹುಡುಕಿಕೊಂಡು ಹೋಗುವ ವಸ್ತುವಾಗಿರದೆ, ಸಾಲಿನಲ್ಲಿ ನಿಂತು ಪಡೆಯುವ ಪಡಿತರದ ರೂಪದಲ್ಲಿತ್ತು. ಗಡಿ ದಾಟಿ ಬಂದ ಅಮ್ಚಿಗಳು ಕೆಲವರೇ. ಅವರಿಗೂ ಹಿಮಾಲಯದ ಆಚೆಯ ಗಿಡಮೂಲಿಕೆಗಳು ಕೈಗೆ ಎಟುಕುತ್ತಿರಲಿಲ್ಲ. ಇಂಥ ಪರಿಸ್ಥಿತಿಯಲ್ಲಿಯೇ 1961ರಲ್ಲಿ ಧರ್ಮಶಾಲೆಯಲ್ಲಿ ಮೆನ್-ಝೀ-ಖಾಂಗ್ ಮರುಸ್ಥಾಪನೆಯಾಯಿತು. ಅನ್ನ ಮತ್ತು ಸೂರು ಇನ್ನೂ ಖಚಿತವಾಗಿರದ ಕಾಲದಲ್ಲಿ ಒಂದು ಸಮುದಾಯ ತನ್ನ ವೈದ್ಯಶಾಲೆಯನ್ನು ಮತ್ತೆ ತೆರೆದುದು, ಚಿಕಿತ್ಸೆ ಎಂಬುದು ಅವರ ಪಾಲಿಗೆ ಮದ್ದಿಗಿಂತ ಹೆಚ್ಚಿನದಾಗಿತ್ತು ಎಂಬುದನ್ನು ಸೂಚಿಸುತ್ತದೆ.

3. ಪುನರ್ವಸತಿಯ ಅನಂತರ

ಅಂದಿನ ಮೈಸೂರು ರಾಜ್ಯ ಸರ್ಕಾರ ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಕಾಡುಭೂಮಿಯನ್ನು ಗೇಣಿಗೆ ನೀಡಿತು. 1960ರಲ್ಲಿ ಲುಗ್‌ಸುಂಗ್ ಸಾಮ್ಡುಪ್ಲಿಂಗ್ ಎಂಬ ಮೊದಲ ವಸತಿ ಅಲ್ಲಿ ಆರಂಭವಾಯಿತು. 1966ರಲ್ಲಿ ಮುಂಡಗೋಡದ ಡೊಗುಲಿಂಗ್, 1969ರಲ್ಲಿ ಬೈಲಕುಪ್ಪೆಯ ಎರಡನೆಯ ವಸತಿಯಾದ ಡಿಕ್ಯಿ ಲಾರ್ಸೋ, 1970ರ ದಶಕದಲ್ಲಿ ಹುಣಸೂರು ಮತ್ತು ಕೊಳ್ಳೇಗಾಲದ ವಸತಿಗಳು ಬಂದವು. 1968ರಲ್ಲಿ ಹುಟ್ಟಿದ ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ, ಅಂದರೆ ಇಂದು ಮೈರಾಡ ಎಂದು ಪರಿಚಿತವಾಗಿರುವ ಸಂಸ್ಥೆ, ಮೊದಲು ಕೈಗೆತ್ತಿಕೊಂಡದ್ದು ಈ ಟಿಬೆಟನ್ನರ ಪುನರ್ವಸತಿಯ ಕೆಲಸವನ್ನೇ.

ಮೊದಲ ವರ್ಷಗಳು ಸುಲಭವಾಗಿರಲಿಲ್ಲ. ಮರ ಕಡಿದು, ಬುಡ ಕಿತ್ತು, ಕಾಡಾನೆಗಳ ಕಾಟವನ್ನು ತಡೆದುಕೊಂಡು ಜೋಳದ ಹೊಲಗಳನ್ನು ಮಾಡಬೇಕಾಗಿತ್ತು. ಬಿಸಿಲು ಮತ್ತು ಹೊಸ ಜ್ವರಗಳಿಗೆ ಹಲವರು ತೀರಿಕೊಂಡರು. ಆದರೆ ಶಿಬಿರದ ಬದುಕಿಗೂ ಇದಕ್ಕೂ ಒಂದು ಮೂಲಭೂತ ವ್ಯತ್ಯಾಸವಿತ್ತು. ಇಲ್ಲಿ ಮನೆಗೆ ಸಂಖ್ಯೆಯಿತ್ತು, ಹೊಲಕ್ಕೆ ಗಡಿಯಿತ್ತು, ನಾಳೆಯೂ ಇದೇ ಜಾಗದಲ್ಲಿ ಇರುತ್ತೇವೆಂಬ ಭರವಸೆಯಿತ್ತು. ಚಿಕಿತ್ಸೆಯ ದಾರಿ ಮತ್ತೆ ರೂಪುಗೊಳ್ಳಲು ಬೇಕಾದ ಮೊದಲ ಅಗತ್ಯ ಈ ಸ್ಥಿರತೆಯೇ ಆಗಿತ್ತು.

ಕಾಲಕ್ರಮದಲ್ಲಿ ವಸತಿಗಳಲ್ಲಿ ಚಿಕಿತ್ಸೆಯ ಹಲವು ಕೇಂದ್ರಗಳು ಬೆಳೆದವು. ಬೈಲಕುಪ್ಪೆಯ ತ್ಸೋಜೆ ಖಾಂಗ್‌ಸರ್ ಆಸ್ಪತ್ರೆ ಮತ್ತು ಮುಂಡಗೋಡದ ಡೊಗುಲಿಂಗ್ ಆಸ್ಪತ್ರೆಗಳು ಆಧುನಿಕ ವೈದ್ಯಕೀಯ ಸೇವೆ ನೀಡುತ್ತವೆ. ಮೆನ್-ಝೀ-ಖಾಂಗ್‌ನ ಶಾಖಾ ಚಿಕಿತ್ಸಾಲಯಗಳು ಟಿಬೆಟನ್ ಮದ್ದನ್ನು ಕೊಡುತ್ತವೆ. ದೊಡ್ಡ ಕಾಯಿಲೆಗಳಿಗೆ ಮೈಸೂರು, ಹುಬ್ಬಳ್ಳಿ, ಬೆಂಗಳೂರುಗಳ ಆಸ್ಪತ್ರೆಗಳಿವೆ. ಇವುಗಳ ಜೊತೆಗೆ ವಿಹಾರಗಳ ಪೂಜೆ, ಆಶೀರ್ವದಿಸಿದ ಗುಳಿಗೆ ಹಾಗೂ 'ಮೋ' ಎಂಬ ಶಕುನಪದ್ಧತಿಗಳು ಮುಂದುವರಿದಿವೆ.

ಈ ಕೇಂದ್ರಗಳ ನಡುವೆ ರೋಗಿ ಆಯ್ಕೆ ಮಾಡಿಕೊಳ್ಳುವ ರೀತಿಯಲ್ಲಿ ಒಂದು ತರ್ಕವಿದೆ. ಸೋಂಕು, ಗಾಯ, ಹೆರಿಗೆ, ಶಸ್ತ್ರಚಿಕಿತ್ಸೆಗಳಿಗೆ ಆಧುನಿಕ ಆಸ್ಪತ್ರೆಯನ್ನೂ ಸಂಧಿವಾತ, ಅಜೀರ್ಣ, ನಿದ್ರಾಹೀನತೆಯಂಥ ದೀರ್ಘಕಾಲದ ತೊಂದರೆಗಳಿಗೆ ಅಮ್ಚಿಯನ್ನೂ ಆಶ್ರಯಿಸುವುದು ಸಾಮಾನ್ಯ. ಶಕುನ ಕೇಳುವುದನ್ನು ಹೊರಗಿನವರು ಚಿಕಿತ್ಸೆಗೆ ಅಡ್ಡಿಯೆಂದು ಭಾವಿಸುವುದುಂಟು. ವಾಸ್ತವದಲ್ಲಿ ಎಷ್ಟೋ ಸಲ ಕೇಳುವ ಪ್ರಶ್ನೆ ಆಸ್ಪತ್ರೆಗೆ ಹೋಗಬೇಕೆ ಬೇಡವೆ ಎಂಬುದಲ್ಲ. ಯಾವ ಆಸ್ಪತ್ರೆ, ಯಾವ ದಿನ, ಶಸ್ತ್ರಚಿಕಿತ್ಸೆ ಈಗಲೋ ಆಮೇಲೋ ಎಂಬುದು. ಆಯ್ಕೆಗಳು ಹೆಚ್ಚಿ, ತಿಳಿವಳಿಕೆಯ ಆಧಾರಗಳು ಕಡಿಮೆಯಿರುವಾಗ ನಿರ್ಧಾರದ ಭಾರವನ್ನು ಹಂಚಿಕೊಳ್ಳುವ ಒಂದು ಕ್ರಮವಾಗಿ ಇದನ್ನು ಅರ್ಥೈಸಬಹುದು. ದೇವರಲ್ಲಿ ಹೂವಿನ ಪ್ರಸಾದ ಕೇಳಿ ಆಸ್ಪತ್ರೆಗೆ ಹೊರಡುವ ಕನ್ನಡದ ಕುಟುಂಬಗಳನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು.

4. ಮಾತಿಗೆ ಸಿಗದ ನೋವು

ಟಿಬೆಟನ್ ವೈದ್ಯದಲ್ಲಿ ಲುಂಗ್, ತ್ರಿಪಾ, ಬೆಕೆನ್ ಎಂಬ ಮೂರು ದೋಷಗಳಿವೆ. ಇವು ಸ್ಥೂಲವಾಗಿ ವಾತ, ಪಿತ್ತ, ಕಫಗಳಿಗೆ ಸಮಾನ. ಇಂಗ್ಲಿಷಿನಲ್ಲಿ ಶ್ವಾಸಕೋಶವನ್ನು ಹೇಳುವ ಪದದೊಡನೆ ಲುಂಗ್ ಪದಕ್ಕೆ ಯಾವ ಸಂಬಂಧವೂ ಇಲ್ಲ; ಅದರ ಅರ್ಥ ಗಾಳಿ. ದೇಹದೊಳಗೆ ಚಲಿಸುವ ಈ ಗಾಳಿ ಮನಸ್ಸನ್ನು ಹೊತ್ತು ನಡೆಯುತ್ತದೆಂದು ಆ ಶಾಸ್ತ್ರ ತಿಳಿಯುತ್ತದೆ. ಅತಿಯಾದ ದುಃಖ, ಚಿಂತೆ, ಹಸಿವುಗಳಿಂದ ಅದು ಕೆರಳುತ್ತದೆ. ಅದು ಜೀವವಾಯುವಿನ ನೆಲೆಯಾದ ಹೃದಯವನ್ನು ತಾಗಿದಾಗ ಉಂಟಾಗುವ ಸ್ಥಿತಿಗೆ ಸೊಕ್-ಲುಂಗ್ ಎಂದು ಹೆಸರು. ಎದೆ ಹೊಡೆದುಕೊಳ್ಳುವುದು, ನಿದ್ದೆ ಬಾರದಿರುವುದು, ಕಾರಣವಿಲ್ಲದ ಭಯ, ಬೇಸರಗಳು ಅದರ ಲಕ್ಷಣಗಳು. ಸೆರೆವಾಸ, ಹಿಂಸೆ ಮತ್ತು ಅಗಲಿಕೆಗಳನ್ನು ಕಂಡು ಬಂದವರಲ್ಲಿ ಈ ದೂರು ಮತ್ತೆ ಮತ್ತೆ ಕೇಳಿಬಂದಿದೆ.

ಇಂಥ ರೋಗಿ ಆಧುನಿಕ ಆಸ್ಪತ್ರೆಗೆ ಬಂದಾಗ ಎರಡು ಬಗೆಯ ಅನುವಾದಗಳು ನಡೆಯಬೇಕಾಗುತ್ತದೆ. ಮೊದಲನೆಯದು ಟಿಬೆಟನ್ನಿನಿಂದ ವೈದ್ಯರ ಭಾಷೆಗೆ. ಎರಡನೆಯದು ಒಂದು ವೈದ್ಯಶಾಸ್ತ್ರದ ಪರಿಕಲ್ಪನೆಯಿಂದ ಮತ್ತೊಂದರ ಪರಿಕಲ್ಪನೆಗೆ. ಎದೆಯಲ್ಲಿ ಗಾಳಿ ಸೇರಿದೆ ಎಂಬ ಮಾತನ್ನು ಪದಶಃ ಅನುವಾದಿಸಿದರೆ ವೈದ್ಯರು ಹೊಟ್ಟೆಯುಬ್ಬರದ ಮಾತ್ರೆ ಬರೆದುಕೊಡಬಹುದು. ಹೃದಯದ ಪರೀಕ್ಷೆ ಮಾಡಿಸಿ ಏನೂ ಇಲ್ಲವೆಂದು ಕಳುಹಿಸಲೂಬಹುದು. ಎರಡು ಸಂದರ್ಭಗಳಲ್ಲಿಯೂ ರೋಗಿಗೆ ಅರ್ಥವಾಗುವುದು ಒಂದೇ: ಇಲ್ಲಿ ತನ್ನ ಕಾಯಿಲೆ ಇವರಿಗೆ ತಿಳಿಯುವುದಿಲ್ಲ. ಮುಂದಿನ ಸಲ ಅವರು ಆ ಬಾಗಿಲಿಗೆ ಬರುವುದಿಲ್ಲ. ತುಮಕೂರಿನ ಕೆಮ್ಮಿನ ಬಾಟಲಿ ಇಲ್ಲಿ ಮತ್ತೊಂದು ರೂಪದಲ್ಲಿ ಎದುರಾಗುತ್ತದೆ.

ಇಲ್ಲಿ ಕನ್ನಡದ ಸ್ಥಾನವೇನು ಎಂಬುದು ಗಮನಾರ್ಹವಾದ ಪ್ರಶ್ನೆ. ವಸತಿಗಳ ಹಿರಿಯರು ಕನ್ನಡವನ್ನು ಕಲಿತದ್ದು ಶಾಲೆಯಲ್ಲಲ್ಲ, ಹೊಲದಲ್ಲಿ ಮತ್ತು ಸಂತೆಯಲ್ಲಿ. ಕೂಲಿ, ಬೆಲೆ, ತೂಕ, ಮಳೆ, ಬಿತ್ತನೆಗಳ ಕನ್ನಡ ಅವರಿಗೆ ಬರುತ್ತದೆ. ಕಿರಿಯರ ಶಾಲೆಗಳಲ್ಲಿ ಟಿಬೆಟನ್, ಇಂಗ್ಲಿಷ್, ಹಿಂದಿಗಳಿಗೆ ಪ್ರಾಧಾನ್ಯ. ನೇಪಾಳ, ಲಡಾಖ್ ಮುಂತಾದ ಕಡೆಗಳಿಂದ ವಿಹಾರಗಳಿಗೆ ಬಂದ ಭಿಕ್ಷುಗಳಿಗೆ ಕನ್ನಡದ ಸಂಪರ್ಕ ಇನ್ನೂ ಕಡಿಮೆ. ಸಂತೆಯ ಭಾಷೆಯಿಂದ ವ್ಯಾಪಾರ ನಡೆಯುತ್ತದೆ. ದೇಹದ ಒಳಗನ್ನು ಹೇಳಲು ಆಗುವುದಿಲ್ಲ. ಕಿವುಚಿದಂತಾಗುವುದು, ಸೆಳೆತ, ಹಿಂಡುವುದು, ಜುಮ್ಮೆನ್ನುವುದು, ಉರಿ, ಸಂಕಟ ಎಂಬ ಸೂಕ್ಷ್ಮ ಭೇದಗಳನ್ನು ಕನ್ನಡಿಗ ರೋಗಿ ಬಾಲ್ಯದಿಂದ ಪಡೆದಿರುತ್ತಾನೆ. ಹೊರಗಿನಿಂದ ಬಂದವರು ಇವೆಲ್ಲಕ್ಕೂ 'ನೋವು' ಎಂಬ ಒಂದೇ ಮಾತನ್ನು ಬಳಸಬೇಕಾಗುತ್ತದೆ. ಹೀಗಾಗಿ ವೈದ್ಯರ ಎದುರು ಹೆಚ್ಚಾಗಿ ಮಾತನಾಡುವವರು ರೋಗಿಯ ಜೊತೆ ಬಂದ ಮಗ, ಮೊಮ್ಮಗಳು ಅಥವಾ ನೆರೆಯವರು. ಹೆಂಗಸರ ಕಾಯಿಲೆ, ಮನಸ್ಸಿನ ಕಾಯಿಲೆಗಳ ವಿಷಯದಲ್ಲಿ ಈ ಮಧ್ಯವರ್ತಿಯ ಎದುರಿಗೆ ಹೇಳಲಾಗದ ಮಾತುಗಳೇ ಮುಖ್ಯವಾಗಿರುತ್ತವೆ ಎಂಬುದನ್ನು ಮರೆಯುವಂತಿಲ್ಲ.

ಆದರೆ ಕನ್ನಡದಲ್ಲಿ ಸೇತುವೆಯ ಸಾಮಗ್ರಿ ಇಲ್ಲವೆಂದಲ್ಲ. ಇಂಗ್ಲಿಷಿಗಿಂತ ಕನ್ನಡ ಈ ವಿಷಯದಲ್ಲಿ ಟಿಬೆಟನ್ನಿಗೆ ಹತ್ತಿರ. ವಾಯು ತುಂಬಿದೆ, ಪಿತ್ತ ನೆತ್ತಿಗೇರಿದೆ, ಉಷ್ಣವಾಗಿದೆ, ಶೀತವಾಗಿದೆ ಎಂಬ ಮಾತುಗಳು ಇಂದಿಗೂ ಮನೆಮನೆಯಲ್ಲಿವೆ. ಜಗದ್ದಳ ಸೋಮನಾಥನ 'ಕರ್ಣಾಟಕ ಕಲ್ಯಾಣಕಾರಕ'ದಿಂದ ಮಂಗರಾಜನ 'ಖಗೇಂದ್ರಮಣಿದರ್ಪಣ'ದವರೆಗೆ ಬೆಳೆದ ಕನ್ನಡ ವೈದ್ಯಸಾಹಿತ್ಯ ಇದೇ ಭಾರತೀಯ ವೈದ್ಯಚಿಂತನೆಯ ಕವಲು. ಲ್ಹಾಸಾಕ್ಕೆ ಹೋದ ವಾಗ್ಭಟನೂ ಕನ್ನಡದ ವೈದ್ಯಕವಿಗಳೂ ತ್ರಿದೋಷಗಳ ಒಂದೇ ಪರಿಭಾಷೆಯನ್ನು ಹಂಚಿಕೊಂಡವರು. ಲುಂಗ್ ಎಂಬುದನ್ನು ಕನ್ನಡ ಬಲ್ಲ ದಾದಿಯೊಬ್ಬರಿಗೆ 'ವಾಯು' ಎಂದು ವಿವರಿಸುವುದು ಅದನ್ನು ಇಂಗ್ಲಿಷಿನಲ್ಲಿ ವಿವರಿಸುವುದಕ್ಕಿಂತ ಸುಲಭ. ಆದರೆ ಕನ್ನಡದ ವಾಯು ಸಾಮಾನ್ಯವಾಗಿ ಹೊಟ್ಟೆಗೂ ಕೀಲಿಗೂ ಸಂಬಂಧಿಸಿದ್ದು, ಟಿಬೆಟನ್ನರ ಲುಂಗ್ ಮನಸ್ಸಿಗೂ ಸಂಬಂಧಿಸಿದ್ದು ಎಂಬ ವ್ಯತ್ಯಾಸವನ್ನು ಅರಿತಿರಬೇಕು. ಸಾಮ್ಯವೆಷ್ಟು ಉಪಯುಕ್ತವೋ ಅರ್ಧ ಸಾಮ್ಯ ಅಷ್ಟೇ ಅಪಾಯಕಾರಿ.

5. ಕ್ಷಯ: ನೆಲೆ ಮತ್ತು ಅಲೆತ

ಶಿಬಿರದಿಂದ ವಸತಿಗೆ ಜನರೊಂದಿಗೆ ಬಂದ ರೋಗಗಳಲ್ಲಿ ಮುಖ್ಯವಾದುದು ಕ್ಷಯ. ಸ್ಥಿರವಾದ ಮನೆ, ಆಸ್ಪತ್ರೆ, ಮದ್ದು ಎಲ್ಲ ದೊರೆತ ಮೇಲೂ ಟಿಬೆಟನ್ ಸಮುದಾಯದಲ್ಲಿ ಕ್ಷಯದ ಪ್ರಮಾಣ ಹೆಚ್ಚಾಗಿಯೇ ಉಳಿಯಿತು. ಇದಕ್ಕೆ ಕಾರಣವನ್ನು ವಸತಿಯ ಬದುಕಿನ ರಚನೆಯಲ್ಲಿಯೇ ಹುಡುಕಬೇಕಾಗುತ್ತದೆ.

ಕ್ಷಯ ಗಾಳಿಯ ಮೂಲಕ ಹರಡುವ ರೋಗ. ಇಕ್ಕಟ್ಟು ಅದಕ್ಕೆ ಅನುಕೂಲ. ಸಂಸ್ಕೃತಿಯನ್ನು ಉಳಿಸಿಕೊಳ್ಳಲು ಸಮುದಾಯ ಕಟ್ಟಿಕೊಂಡ ಎರಡು ಮುಖ್ಯ ಸಂಸ್ಥೆಗಳಾದ ವಸತಿಶಾಲೆ ಮತ್ತು ವಿಹಾರಗಳಲ್ಲಿ ಬಹುಜನ ಒಟ್ಟಿಗೆ ಮಲಗುತ್ತಾರೆ, ಒಟ್ಟಿಗೆ ಉಣ್ಣುತ್ತಾರೆ, ಒಟ್ಟಿಗೆ ಪಠಿಸುತ್ತಾರೆ. ಸೆರಾ, ಡ್ರೆಪುಂಗ್, ಗಾಂಡೆನ್‌ಗಳಂಥ ವಿಹಾರಗಳಲ್ಲಿ ಸಾವಿರಾರು ಭಿಕ್ಷುಗಳಿದ್ದಾರೆ. ಭಾಷೆ ಮತ್ತು ಧರ್ಮಗಳ ಉಳಿವಿಗೆ ಕಾರಣವಾದ ಒಟ್ಟುಬಾಳ್ವೆಯೇ ರೋಗಾಣುವಿಗೂ ದಾರಿಯಾಗುವ ವಿಪರ್ಯಾಸ ಇಲ್ಲಿದೆ.

ಎರಡನೆಯ ಕಾರಣ ಅಲೆತ. ಹಂಚಿಕೆಯಾದ ಭೂಮಿ ಹೆಚ್ಚಿದ ಕುಟುಂಬಗಳಿಗೆ ಸಾಲದೆ, ಮಳೆಯನ್ನೇ ನೆಚ್ಚಿದ ಬೆಳೆ ಕೈಕೊಟ್ಟಾಗ, ಚಳಿಗಾಲದ ಸ್ವೆಟರ್ ವ್ಯಾಪಾರ ಮುಖ್ಯ ಆದಾಯವಾಯಿತು. ಅಕ್ಟೋಬರಿನಿಂದ ಜನವರಿಯವರೆಗೆ ಅನೇಕ ಕುಟುಂಬಗಳು ಲೂಧಿಯಾನದ ಉಣ್ಣೆಬಟ್ಟೆಗಳನ್ನು ಹೊತ್ತು ದೇಶದ ನಾನಾ ನಗರಗಳಿಗೆ ಹೋಗಿ ಬಾಡಿಗೆಯ ಕೋಣೆಗಳಲ್ಲಿ ತಂಗುತ್ತವೆ. ಕ್ಷಯದ ಸಾಮಾನ್ಯ ಚಿಕಿತ್ಸೆಗೆ ಕನಿಷ್ಠ 6 ತಿಂಗಳು ಬೇಕು. ಮೊದಲ ಕೆಲವು ವಾರಗಳಲ್ಲಿಯೇ ಕೆಮ್ಮು, ಜ್ವರ ತಗ್ಗಿ ರೋಗಿಗೆ ಗುಣವಾದಂತೆ ತೋರುತ್ತದೆ. ಅದೇ ಸಮಯಕ್ಕೆ ವ್ಯಾಪಾರದ ಋತು ಬಂದರೆ ಮಾತ್ರೆ ನಿಂತುಹೋಗುವ ಸಂಭವವಿರುತ್ತದೆ. ಅರ್ಧಕ್ಕೆ ನಿಂತ ಚಿಕಿತ್ಸೆಯಿಂದ ಮದ್ದಿಗೆ ಬಗ್ಗದ ಕ್ಷಯ ಹುಟ್ಟಬಹುದು; ಅದರ ಚಿಕಿತ್ಸೆ ಹೆಚ್ಚು ಕಠಿಣ ಮತ್ತು ದುಬಾರಿ. ಅದು ಮನೆಯ ಮಕ್ಕಳಿಗೂ ಹರಡಬಲ್ಲದು. 1959ರ ರಸ್ತೆ ಕೂಲಿಯ ಡೇರೆ ಮತ್ತು ಇಂದಿನ ಸ್ವೆಟರ್ ವ್ಯಾಪಾರಿಯ ಬಾಡಿಗೆ ಕೋಣೆ ಇವೆರಡೂ ಈ ಅರ್ಥದಲ್ಲಿ ಒಂದೇ ಸಮಸ್ಯೆಯ ಎರಡು ರೂಪಗಳು. ಪುನರ್ವಸತಿಯೆಂಬುದು ಒಂದು ದಿನಾಂಕದಲ್ಲಿ ಮುಗಿಯುವ ಘಟನೆಯಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈ ಸಮಸ್ಯೆಗೆ ಸಮುದಾಯವೇ ಕೆಲವು ಉತ್ತರಗಳನ್ನು ಕಂಡುಕೊಂಡಿದೆ. ವಸತಿಗಳ ಆರೋಗ್ಯ ಕಾರ್ಯಕರ್ತರು ರೋಗಿಗಳ ಮನೆಗೆ ಹೋಗಿ ವಿಚಾರಿಸುತ್ತಾರೆ. ಧರ್ಮಶಾಲೆಯ ಡೆಲೆಕ್ ಆಸ್ಪತ್ರೆ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದೊಂದಿಗೆ 2017ರಲ್ಲಿ ಆರಂಭಿಸಿದ ಕಾರ್ಯಕ್ರಮ ರೋಗಿ ಬರುವವರೆಗೆ ಕಾಯದೆ ಶಾಲೆ ಹಾಗೂ ವಿಹಾರಗಳಿಗೇ ಹೋಗಿ ತಪಾಸಣೆ ನಡೆಸುವ ಮಾರ್ಗವನ್ನು ಹಿಡಿಯಿತು. ಸೋಂಕು ತಗಲಿದ್ದು ರೋಗ ಇನ್ನೂ ತೋರದವರಿಗೂ ಮುನ್ನೆಚ್ಚರಿಕೆಯ ಮದ್ದನ್ನು ಅದು ನೀಡಿತು. ರೋಗಿಯ ಹುಡುಕಾಟದ ಭಾರವನ್ನು ವೈದ್ಯವ್ಯವಸ್ಥೆ ತನ್ನ ಹೆಗಲಿಗೆ ತೆಗೆದುಕೊಂಡ ನಿದರ್ಶನವಿದು.

6. ಕಾಗದ, ಹಣ ಮತ್ತು ಮತ್ತೊಂದು ವಲಸೆ

1951ರ ನಿರಾಶ್ರಿತರ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ. ಟಿಬೆಟನ್ನರು ಇಲ್ಲಿರುವುದು ವಿದೇಶೀಯರಿಗೆ ನೀಡುವ ನೋಂದಣಿ ಪ್ರಮಾಣಪತ್ರದ ಆಧಾರದ ಮೇಲೆ. ಕೇಂದ್ರ ಸರ್ಕಾರದ 2014ರ ಟಿಬೆಟನ್ ಪುನರ್ವಸತಿ ನೀತಿಯು ಸರ್ಕಾರಿ ಯೋಜನೆಗಳ ಪ್ರಯೋಜನವನ್ನು ಅವರಿಗೂ ವಿಸ್ತರಿಸುವಂತೆ ರಾಜ್ಯಗಳಿಗೆ ಮಾರ್ಗಸೂಚಿ ನೀಡಿತು. ಅದಕ್ಕೂ ಮೊದಲು, 2012ರಲ್ಲಿ, ಟಿಬೆಟನ್ ಆಡಳಿತ ತನ್ನದೇ ಆದ ವಂತಿಗೆ ಆಧಾರಿತ ಆರೋಗ್ಯ ಯೋಜನೆಯನ್ನು ಆರಂಭಿಸಿತ್ತು. 2010ರಲ್ಲಿ ಭಾರತ ಸರ್ಕಾರ ಸೋವಾ ರಿಗ್ಪಾವನ್ನು ದೇಶದ ಅಧಿಕೃತ ವೈದ್ಯಪದ್ಧತಿಗಳಲ್ಲೊಂದೆಂದು ಕಾನೂನಿನ ಮೂಲಕ ಮಾನ್ಯ ಮಾಡಿತು. ನಾಗರಿಕರಲ್ಲದವರ ವೈದ್ಯಕ್ಕೆ ಪೂರ್ಣ ಮಾನ್ಯತೆ ದೊರೆತದ್ದು, ಆ ವೈದ್ಯವನ್ನು ಹೊತ್ತು ತಂದ ಜನರ ಹಕ್ಕುಗಳು ಮಾತ್ರ ಕಾಗದದಿಂದ ಕಾಗದಕ್ಕೆ ನವೀಕರಣಗೊಳ್ಳುತ್ತಿರುವುದು ಚಿಂತನಾರ್ಹ.

ಈ ಮಾನ್ಯತೆಯ ಹಿಂದೆ ಎದುರು ದಿಕ್ಕಿನ ಒಂದು ಹುಡುಕಾಟವೂ ಇದೆ. ವಸತಿಗಳ ಆಸ್ಪತ್ರೆಗಳಿಗೆ ಸುತ್ತಲಿನ ಹಳ್ಳಿಗಳ ಕನ್ನಡಿಗರೂ ಬರುತ್ತಾರೆ. ಬೆಂಗಳೂರಿನ ಮೆನ್-ಝೀ-ಖಾಂಗ್ ಶಾಖೆಯಲ್ಲಿ ದೀರ್ಘಕಾಲದ ಕಾಯಿಲೆಗಳಿಗಾಗಿ ಬರುವ ಭಾರತೀಯ ರೋಗಿಗಳಿದ್ದಾರೆ. ನಿರಾಶ್ರಿತರು ಸೇವೆಯನ್ನು ಪಡೆಯುವವರು, ಸ್ಥಳೀಯರು ನೀಡುವವರು ಎಂಬ ಸರಳ ವಿಂಗಡಣೆ ಇಲ್ಲಿ ನಿಲ್ಲುವುದಿಲ್ಲ.

ಕರ್ನಾಟಕದ ವಸತಿಗಳೂ ಅನೇಕರಿಗೆ ಕೊನೆಯ ನಿಲ್ದಾಣವಾಗಲಿಲ್ಲ. ಅಮೆರಿಕದ 1990ರ ವಲಸೆ ಕಾಯಿದೆ ಭಾರತ ಮತ್ತು ನೇಪಾಳಗಳಲ್ಲಿದ್ದ 1,000 ಟಿಬೆಟನ್ನರಿಗೆ ವೀಸಾ ನೀಡಿತು. ಅವರ ಹಿಂದೆ ಕುಟುಂಬದವರು ಹೋದರು. ಕೆನಡಾ, ಯುರೋಪುಗಳ ದಾರಿಯೂ ತೆರೆಯಿತು. ಅಲ್ಲಿ ಹುಡುಕಾಟ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ: ಹೊರಡುವ ಮುನ್ನ ಎದೆಯ ಎಕ್ಸ್‌ರೇ, ಹೋದ ಮೇಲೆ ವಿಮೆ, ಮುಂಗಡ ಸಮಯ ನಿಗದಿ, ಮತ್ತೊಂದು ಭಾಷೆ. ಆದರೆ ಒಂದು ವ್ಯತ್ಯಾಸವಿದೆ. ಅಮೆರಿಕದ 1964ರ ನಾಗರಿಕ ಹಕ್ಕುಗಳ ಕಾಯಿದೆಯ ಅನ್ವಯ, ಕೇಂದ್ರದ ಅನುದಾನ ಪಡೆಯುವ ಆಸ್ಪತ್ರೆಗಳು ಭಾಷೆ ಬಾರದ ರೋಗಿಗೆ ದುಭಾಷಿಯ ನೆರವನ್ನು ಒದಗಿಸಬೇಕಾಗುತ್ತದೆ. ಅಲ್ಲಿ ಅನುವಾದವನ್ನು ಮನೆಯವರ ಉಪಕಾರವೆಂದು ತಿಳಿಯದೆ ಚಿಕಿತ್ಸೆಯ ಭಾಗವೆಂದು ಪರಿಗಣಿಸಲಾಗಿದೆ. ಇತ್ತ, ಮಕ್ಕಳು ಹೊರಟುಹೋದ ಮೇಲೆ ಬೈಲಕುಪ್ಪೆ, ಮುಂಡಗೋಡಗಳಲ್ಲಿ ಉಳಿದ ವೃದ್ಧರಿಗೆ ಇದುವರೆಗೆ ದುಭಾಷಿಗಳಾಗಿದ್ದವರೇ ಇಲ್ಲವಾಗುತ್ತಿದ್ದಾರೆ. ವೃದ್ಧಾಶ್ರಮಗಳು ಸೂರನ್ನೂ ಊಟವನ್ನೂ ಕೊಡಬಲ್ಲವು. ಜಿಲ್ಲಾ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಅಜ್ಜಿಯ ಪರವಾಗಿ ಮಾತನಾಡುತ್ತಿದ್ದ ಮೊಮ್ಮಗಳ ಜಾಗವನ್ನು ತುಂಬುವುದು ಸುಲಭವಲ್ಲ.

ಸಮಾರೋಪ

ಪುನರ್ವಸತಿಗೆ ಮುನ್ನ ಟಿಬೆಟನ್ನರಿಗೆ ಚಿಕಿತ್ಸೆ ಪಡಿತರದಂತೆ ದೊರೆಯುತ್ತಿತ್ತು. ಪುನರ್ವಸತಿಯ ಅನಂತರ ಅದು ಆಯ್ಕೆಯ ವಸ್ತುವಾಯಿತು. ಈ ಬದಲಾವಣೆ ದೊಡ್ಡದು. ಆದರೆ ಆಯ್ಕೆ ಅರ್ಥಪೂರ್ಣವಾಗಲು ರೋಗಿಗೆ ಎರಡು ಆಧಾರಗಳು ಬೇಕು: ಮದ್ದು ಮುಗಿಯುವವರೆಗೆ ಒಂದೆಡೆ ನಿಲ್ಲಬಲ್ಲ ನೆಲೆ ಹಾಗೂ ನೋವನ್ನು ತಲುಪಿಸಬಲ್ಲ ಮಾತು. ಮೊದಲನೆಯದನ್ನು ಸರ್ಕಾರ ಮತ್ತು ಸಂಸ್ಥೆಗಳು ಭಾಗಶಃ ಒದಗಿಸಿವೆ. ಎರಡನೆಯದನ್ನು ಕುಟುಂಬಗಳೇ ಹೇಗೋ ನಿಭಾಯಿಸಿಕೊಂಡು ಬಂದಿವೆ.

ಈ ಎರಡನೆಯ ಆಧಾರ ಕನ್ನಡ ಅಧ್ಯಯನದ ಕ್ಷೇತ್ರಕ್ಕೂ ಸೇರಿದ್ದು. ಕೃಷಿ, ನೇಯ್ಗೆ, ಮೀನುಗಾರಿಕೆಗಳ ವೃತ್ತಿಪದಗಳನ್ನು ಸಂಗ್ರಹಿಸಿದ ಪರಂಪರೆ ಕನ್ನಡ ವಿಭಾಗಗಳಿಗಿದೆ. ನೋವಿನ, ಕಾಯಿಲೆಯ, ಆರೈಕೆಯ ಪದಗಳನ್ನು ಪ್ರಾದೇಶಿಕ ಭೇದಗಳೊಡನೆ ಸಂಗ್ರಹಿಸುವುದು, ಅವಕ್ಕೆ ಸಂವಾದಿಯಾದ ಟಿಬೆಟನ್ ಪದಗಳನ್ನು ವಸತಿಗಳ ವಿದ್ವಾಂಸರ ನೆರವಿನಿಂದ ಗುರುತಿಸುವುದು, ದಾದಿಯರೂ ಆರೋಗ್ಯ ಕಾರ್ಯಕರ್ತರೂ ಕೈಯಲ್ಲಿ ಹಿಡಿಯಬಹುದಾದ ಚಿಕ್ಕ ದ್ವಿಭಾಷಾ ಪದಕೋಶವೊಂದನ್ನು ರೂಪಿಸುವುದು ಅಸಾಧ್ಯವಾದ ಕೆಲಸವಲ್ಲ. ಅಂಥ ಪದಕೋಶ ಟಿಬೆಟನ್ನರಿಗೆ ಮಾತ್ರವಲ್ಲ, ಬೆಂಗಳೂರಿಗೆ ಕೂಲಿಗಾಗಿ ಬರುವ ಇತರ ಭಾಷಿಕರಿಗೂ ಮಾದರಿಯಾಗಬಲ್ಲದು. ಆರು ದಶಕಗಳಿಗೂ ಹೆಚ್ಚು ಕಾಲ ಕನ್ನಡದ ನೆಲದಲ್ಲಿ ಬಾಳಿದವರು ತಮ್ಮ ಎದೆಯ ನೋವನ್ನು ಕನ್ನಡದ ವೈದ್ಯರೆದುರು ಇನ್ನೂ ಬೆರಳು ತೋರಿಸಿಯೇ ಹೇಳಬೇಕಾಗಿದ್ದರೆ, ಆ ಕೊರತೆ ಅವರದು ಮಾತ್ರವಲ್ಲ, ಕನ್ನಡದ್ದೂ ಹೌದು.